ಒಗ್ಗೂಡಲು ಒಲ್ಲೆವೆಂದವರು ದ್ರೋಹಿಗಳೇ?

(ದೊಡ್ಡಬಳ್ಳಾಪುರ ತಾಲೂಕಿನ ಸಾಸಲು ಗ್ರಾಮದಲ್ಲಿ ರಾಜ್ಯೋತ್ಸವದ ಪ್ರಯುಕ್ತ ಏರ್ಪಟ್ಟಿದ್ದ ಸೌಹಾರ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನವೆಂಬರ್ ತಿಂಗಳಲ್ಲಿ ಏಕೀಕರಣಕ್ಕಾಗಿ ದುಡಿದವರ ಹೆಸರುಗಳು ನಾಡಿನಾದ್ಯಂತ ಕೇಳಿಬರುತ್ತವೆ. ಆಲೂರು ವೆಂಕಟರಾಯರು, 1953ರಲ್ಲಿ ಆಮರಣಾಂತ ಉಪವಾಸ ಕುಳಿತ ಅದರಗುಂಚಿಯ ಶಂಕರಗೌಡರು, ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಅವರ ಋಣ ದೊಡ್ಡದು. ಆದರೆ ಇಂದು ನಾವು ಮಾತನಾಡಬಯಸುವುದು ಅವರ ಕುರಿತಲ್ಲ. ಏಕೀಕರಣ ಬೇಡವೆಂದವರ ಕುರಿತು ಎರಡು ಮಾತು ಹೇಳಬೇಕೆಂದು ನಾವು ಬಂದಿದ್ದೇವೆ. ರಾಜ್ಯೋತ್ಸವದ ವೇದಿಕೆಗೆ ಇದು ಒಪ್ಪುವ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಸಾಸಲಿನಂಥ ಊರಿಗಿಂತ ಹೆಚ್ಚು ಒಪ್ಪುವ ಜಾಗ ಇನ್ನೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಈ ನೆಲ ಹಳೆಯ ಮೈಸೂರಿನದು. ವಿರೋಧದ ಧ್ವನಿ ಎದ್ದದ್ದು ಧಾರವಾಡದಲ್ಲಲ್ಲ, ಕಲಬುರಗಿಯಲ್ಲಲ್ಲ. ಈಗಾಗಲೇ ತನ್ನದೇ ಆದ ಕನ್ನಡ ಸರಕಾರವನ್ನು ಹೊಂದಿದ್ದ ಈ ಒಂಬತ್ತು ಜಿಲ್ಲೆಗಳ ಮೈಸೂರಿನಲ್ಲಿ.

ಅವರ ವಾದವೇನಿತ್ತು? ಅದನ್ನು ಅವರ ಬಾಯಿಂದಲೇ ಕೇಳುವಷ್ಟು ತಾಳ್ಮೆಯಿಂದ ಕೇಳೋಣ. 1881ರಲ್ಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾಗಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1916ರಲ್ಲಿ ವಿಶ್ವವಿದ್ಯಾನಿಲಯ, 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕನ್ನಂಬಾಡಿಯ ಕಟ್ಟೆ. ಇದನ್ನೆಲ್ಲ ಕಟ್ಟಿದ್ದು ಈ ಪ್ರದೇಶದ ರೈತರ ಕಂದಾಯದಿಂದ. ಮುಂಬಯಿ ಮತ್ತು ಹೈದರಾಬಾದ್ ಆಡಳಿತಗಳು ತಮ್ಮ ಕನ್ನಡ ಜಿಲ್ಲೆಗಳನ್ನು ಕಡೆಗಣಿಸಿದ್ದವು; ಆ ಕೊರತೆಯನ್ನು ತುಂಬುವ ಭಾರ ಮೈಸೂರಿನ ಹೆಗಲಿಗೇಕೆ ಬೀಳಬೇಕು? ಕನ್ನಡಿಗರಿಗೆ ಎರಡು ರಾಜ್ಯಗಳಿದ್ದರೆ ಭಾಷೆಗೆ ಏನು ನಷ್ಟ? ಹಿಂದಿ ಮಾತನಾಡುವವರಿಗೆ ಹಲವು ರಾಜ್ಯಗಳಿಲ್ಲವೇ? ಇದು ಅವರ ವಾದ. ಇದರಲ್ಲಿ ಕನ್ನಡದ ದ್ವೇಷ ಎಳ್ಳಷ್ಟೂ ಇರಲಿಲ್ಲ.

ಬಾಯಿ ಬಿಟ್ಟು ಹೇಳದ ಇನ್ನೊಂದು ಅಳುಕೂ ಇತ್ತು, ಜಾತಿಯ ಲೆಕ್ಕ. ಮೈಸೂರಿನಲ್ಲಿ ಒಕ್ಕಲಿಗರದು ದೊಡ್ಡ ಸಂಖ್ಯೆ. ಉತ್ತರದ ಜಿಲ್ಲೆಗಳು ಸೇರಿದರೆ ಲಿಂಗಾಯತರು ದೊಡ್ಡ ಸಮುದಾಯವಾಗುತ್ತಾರೆ, ಅಧಿಕಾರ ಕೈತಪ್ಪುತ್ತದೆ ಎಂಬ ಭಯ. ಇಂಥ ಮಾತನ್ನು ಸಭ್ಯರು ಸಭೆಯಲ್ಲಿ ಆಡುವುದಿಲ್ಲ, ಮನೆಯ ಜಗಲಿಯಲ್ಲಿ ಮಾತ್ರ ಆಡುತ್ತಾರೆ. ಆದರೆ ಅದನ್ನು ಬಹಿರಂಗವಾಗಿ ಕಾಗದದ ಮೇಲಿಟ್ಟು ಉತ್ತರಿಸಿದವರು ಒಬ್ಬರಿದ್ದರು.

1953ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ನ್ಯಾಯಮೂರ್ತಿ ಸಯ್ಯಿದ್ ಫಝಲ್ ಅಲಿ. ಸದಸ್ಯರು ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್. 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ ಅವರು ಈ ಅಳುಕನ್ನು ಮುಚ್ಚಿಡಲಿಲ್ಲ. ಮೈಸೂರಿನ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ಶೇಕಡಾ 35ರಿಂದ 40ರಷ್ಟು, ಮೈಸೂರಿನಲ್ಲಿ ಒಕ್ಕಲಿಗರು ಶೇಕಡಾ 29ಕ್ಕೆ ಸ್ವಲ್ಪ ಕಡಿಮೆ ಎಂಬ ಅಂದಾಜನ್ನು ಎದುರಿಗಿಟ್ಟರು. ಒಗ್ಗೂಡಿದ ರಾಜ್ಯದಲ್ಲಿ ಲಿಂಗಾಯತರು 20ಕ್ಕಿಂತ ತುಸು ಹೆಚ್ಚು, ಒಕ್ಕಲಿಗರು 13ರಿಂದ 14, ದಲಿತರು 17ರಿಂದ 18. ಹೀಗಿರುವಾಗ ಯಾವ ಒಂದು ಸಮುದಾಯವೂ ಉಳಿದವರನ್ನು ತುಳಿಯುವ ಸ್ಥಿತಿಯಲ್ಲಿರದು ಎಂದು ತರ್ಕಿಸಿದರು. ವಿರೋಧಿಗಳನ್ನು ಜಾತಿವಾದಿಗಳೆಂದು ಜರೆದು ಮುಂದೆ ಹೋಗುವುದು ಸುಲಭವಿತ್ತು. ಆಯೋಗ ಹಾಗೆ ಮಾಡದೆ ಅವರ ಭಯವನ್ನು ಅಳೆದು ತೂಗಿ ಉತ್ತರ ಕೊಟ್ಟಿತು. ಎದುರಾಳಿಯನ್ನು ಗೌರವಿಸುವುದೆಂದರೆ ಇದು. ಅವನ ಮಾತನ್ನು ಒಪ್ಪುವುದಲ್ಲ, ಅದಕ್ಕೆ ಉತ್ತರ ಸಲ್ಲಬೇಕೆಂದು ಒಪ್ಪುವುದು.

ಈ ಫಝಲ್ ಅಲಿ ಯಾರೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಪಟ್ನಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಬಳಿಕ ಸುಪ್ರೀಂ ಕೋರ್ಟಿನ ಮೊದಲ ನ್ಯಾಯಾಧೀಶರ ಪೈಕಿ ಒಬ್ಬರಾಗಿ ಕಾರ್ಯನಿರ್ವಹಿಸಿದವರು. ಸಂವಿಧಾನ ಜಾರಿಗೆ ಬಂದ ವರ್ಷವೇ, 1950ರಲ್ಲಿ, ಅವರ ಪೀಠದ ಮುಂದೆ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮೊಕದ್ದಮೆ ಬಂತು. ವಿಚಾರಣೆಯಿಲ್ಲದೆ ಮುಂಜಾಗ್ರತಾ ಬಂಧನದಲ್ಲಿಡುವ ಕಾನೂನನ್ನು ಅವರು ಪ್ರಶ್ನಿಸಿದ್ದರು. ಆರು ಮಂದಿಯ ಪೀಠದ ಬಹುಮತ ಆ ಕಾನೂನಿನ ಬಹುಭಾಗವನ್ನು ಎತ್ತಿಹಿಡಿಯಿತು. ಒಬ್ಬನ ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಸಮ್ಮತ ಕ್ರಮವನ್ನು ಅನುಸರಿಸಲೇಬೇಕೆಂದು ಫಝಲ್ ಅಲಿ ಭಿನ್ನ ತೀರ್ಪು ಬರೆದರು. ಅಂದು ಅದು ಸೋತವರ ಮಾತು. 1970ರ ಬ್ಯಾಂಕ್ ರಾಷ್ಟ್ರೀಕರಣದ ತೀರ್ಪಿನಲ್ಲಿ, ಆ ಬಳಿಕ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೋಪಾಲನ್ ತೀರ್ಪಿನ ದಾರಿಯನ್ನು ಬಿಟ್ಟು ಅವರ ದಾರಿಗೇ ಬಂತು. ಅದನ್ನು ಕಾಣಲು ಅವರು ಬದುಕಿರಲಿಲ್ಲ, 1959ರಲ್ಲೇ ನಿಧನರಾಗಿದ್ದರು. ಇಂದು ಈ ದೇಶದಲ್ಲಿ ಯಾವ ತಾಯಿಯ ಮಗನನ್ನು ಪೊಲೀಸರು ಕೊಂಡೊಯ್ದರೂ, ಆತನ ವಕೀಲ ನ್ಯಾಯಾಲಯದಲ್ಲಿ ಆಡುವ ಮಾತಿನ ಹಿಂದೆ ಅಂದಿನ ಆ ಒಂಟಿ ಧ್ವನಿಯಿದೆ. ಇದರ ಬೆಲೆ ಏನೆಂದು ನಮ್ಮ ಸಮುದಾಯದ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮನ್ನು ಒಗ್ಗೂಡಿಸಿದ ಆಯೋಗದ ವರದಿಯಲ್ಲಿಯೇ ಭಿನ್ನಾಭಿಪ್ರಾಯದ ಟಿಪ್ಪಣಿಗಳಿವೆ ಎಂಬುದು ಅನೇಕರಿಗೆ ತಿಳಿಯದು. ಹಿಮಾಚಲ ಪ್ರದೇಶವನ್ನು ಪಂಜಾಬಿಗೆ ಸೇರಿಸಬೇಕೆಂದು ಇಬ್ಬರು ಸದಸ್ಯರು ಹೇಳಿದರೆ, ಬೇಡ, ಪ್ರತ್ಯೇಕವಾಗಿರಲಿ ಎಂದು ಸ್ವತಃ ಅಧ್ಯಕ್ಷರೇ ಬರೆದರು. ಉತ್ತರ ಪ್ರದೇಶವನ್ನು ಒಡೆಯಬೇಕೆಂದು ಪಣಿಕ್ಕರ್ ಬರೆದರು. ಪಣಿಕ್ಕರ್ ಮಾತನ್ನು ಸರಕಾರ ಕೇಳಲಿಲ್ಲ, ಫಝಲ್ ಅಲಿಯವರ ಮಾತನ್ನು ಕೇಳಿತು. ಹಿಮಾಚಲ ಪ್ರತ್ಯೇಕವಾಗಿ ಉಳಿದು 1971ರಲ್ಲಿ ಪೂರ್ಣ ರಾಜ್ಯವಾಯಿತು. ತಮಗೆ ಬಿಹಾರದ ನಂಟು ಬಹುಕಾಲದ್ದೆಂಬ ಕಾರಣಕ್ಕೆ ಬಂಗಾಳ ಹಾಗೂ ಒರಿಸ್ಸಾದೊಂದಿಗಿನ ಬಿಹಾರದ ಗಡಿ ವಿವಾದಗಳಿಂದ ಅವರು ದೂರ ಉಳಿದರು. ಮೂವರು ಕುಳಿತು ಒಂದು ದೇಶದ ಭೂಪಟವನ್ನು ತಿದ್ದುವಾಗ ಅವರೊಳಗೇ ಒಮ್ಮತವಿರಲಿಲ್ಲ, ಆದರೂ ಜೊತೆಯಾಗಿ ಸಹಿ ಹಾಕಿದರು.

ಇಷ್ಟು ಹೇಳಿದ ಮೇಲೆ ಬಳ್ಳಾರಿಯ ಮಾತನ್ನು ಹೇಳದೆ ಹೋದರೆ ಅರ್ಧ ಸತ್ಯ ಹೇಳಿದಂತಾದೀತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿಯನ್ನು ಮೈಸೂರಿಗೆ ಸೇರಿಸಲಾಯಿತು. ಬಳ್ಳಾರಿ ಪಟ್ಟಣ ಇಬ್ಭಾಗವಾಗಿತ್ತು. ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಉಸಿರಾಡುತ್ತಿದ್ದ ಊರದು. ಸೇರ್ಪಡೆಯ ಸಂಭ್ರಮಕ್ಕೆಂದು ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ಸಮುದಾಯದ ಪೈಲ್ವಾನ್ ರಂಜಾನ್ ಸಾಬ್ ಅವರ ಮೇಲೆ ಹಿಂದಿನ ರಾತ್ರಿ ಆಸಿಡ್ ದಾಳಿ ನಡೆಯಿತು. ಅವರು ಬದುಕುಳಿಯಲಿಲ್ಲ. ಏಕೀಕರಣದ ಹುತಾತ್ಮರ ಸಾಲಿನಲ್ಲಿ ಮುಸ್ಲಿಮ್ ಹೆಸರೊಂದಿದೆ ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಆ ಸಾವಿನಲ್ಲಿ ಹೆಮ್ಮೆಗಿಂತ ಹೆಚ್ಚಿನದೊಂದಿದೆ. ಬಳ್ಳಾರಿ ಆಂಧ್ರಕ್ಕೆ ಸೇರಬೇಕೆಂದು ವಾದಿಸಿದ ಸಾವಿರಾರು ಪ್ರಾಮಾಣಿಕರಿದ್ದರು. ತುಂಗಭದ್ರಾ ಯೋಜನೆಯ ಕಾರಣ ನೀಡಿ ಬಳ್ಳಾರಿ ಮತ್ತು ಹೊಸಪೇಟೆಯನ್ನು ಆಂಧ್ರಕ್ಕೆ ಕೊಡಬೇಕೆಂದು ಮುಂದೆ ಫಝಲ್ ಅಲಿ ಆಯೋಗವೂ ಶಿಫಾರಸು ಮಾಡಿತು; ಸರಕಾರ ಒಪ್ಪಲಿಲ್ಲ, ಅಷ್ಟೇ. ವಾದವಿದ್ದದ್ದು ಸರಿಯೇ. ವಾದವನ್ನು ಬಿಟ್ಟು ಮನುಷ್ಯನನ್ನೇ ಸುಡಲು ಹೊರಟ ಕೈ ಯಾವ ಭಾಷೆಯದು ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಸಹೋದರರೇ, ಇದು ನಮ್ಮ ನಾಡಿನ ಹಳೆಯ ಕತೆ ಮಾತ್ರವಲ್ಲ. ಪ್ರಜಾಪ್ರಭುತ್ವದ ತವರೆಂದು ಹೇಳಿಕೊಳ್ಳುವ ಬ್ರಿಟನ್ನನ್ನು ನೋಡಿರಿ. ಐರೋಪ್ಯ ಒಕ್ಕೂಟದಲ್ಲಿ ಇರಬೇಕೇ, ಹೊರಬರಬೇಕೇ ಎಂದು 2016ರ ಜೂನ್ 23ರಂದು ಅಲ್ಲಿ ಜನಮತ ನಡೆಯಿತು. ಹೊರಬರೋಣವೆಂದವರು ಶೇಕಡಾ 51.9, ಇರೋಣವೆಂದವರು 48.1. ತಲೆ ಎಣಿಸಿದರೆ ಸುಮಾರು 1 ಕೋಟಿ 74 ಲಕ್ಷ ಮತ್ತು 1 ಕೋಟಿ 61 ಲಕ್ಷ. ಸ್ಕಾಟ್‌ಲ್ಯಾಂಡಿನಲ್ಲಿ ಶೇಕಡಾ 62 ಮಂದಿ ಇರೋಣವೆಂದಿದ್ದರು. ಯುವಕರು ಒಂದು ಕಡೆ, ಹಿರಿಯರು ಇನ್ನೊಂದು ಕಡೆ. ಒಂದೇ ಮನೆಯ ತಂದೆ ಮಕ್ಕಳು ಮಾತು ಬಿಟ್ಟರು. ಮತದಾನಕ್ಕೆ ಏಳು ದಿನ ಮೊದಲು, ಇರೋಣವೆಂಬ ಪಕ್ಷದಲ್ಲಿದ್ದ ಸಂಸದೆ ಜೋ ಕಾಕ್ಸ್ ಎಂಬ ಎರಡು ಮಕ್ಕಳ ತಾಯಿಯನ್ನು ಬಲಪಂಥೀಯ ತೀವ್ರವಾದಿಯೊಬ್ಬ ಬೀದಿಯಲ್ಲಿ ಕೊಂದನು. ಗುಜರಾತಿನಿಂದ ಹೋಗಿ ನೆಲೆಸಿದ ಮುಸ್ಲಿಮ್ ಕುಟುಂಬಗಳಿರುವ ಬ್ಯಾಟ್ಲಿ ಪಟ್ಟಣ ಆಕೆಯ ಕ್ಷೇತ್ರದಲ್ಲಿತ್ತು. ಬಳ್ಳಾರಿಯ ಚಪ್ಪರಕ್ಕೂ ಆ ಇಂಗ್ಲಿಷ್ ಬೀದಿಗೂ ನಡುವೆ ಅರುವತ್ತಮೂರು ವರ್ಷಗಳ ಅಂತರವಿದೆ, ಬೇರೆ ಅಂತರವೇನೂ ನಮಗೆ ಕಾಣುವುದಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸರಕಾರ ಒಕ್ಕೂಟದಿಂದ ಹೊರಬರುವ ಕ್ರಮವನ್ನು ಆರಂಭಿಸಲಾಗದು ಎಂದು ಲಂಡನಿನ ಹೈಕೋರ್ಟು ತೀರ್ಪಿತ್ತಿತು. ಮರುದಿನ ಅಲ್ಲಿನ ದೊಡ್ಡ ಪತ್ರಿಕೆಯೊಂದು ಮೂವರು ನ್ಯಾಯಾಧೀಶರ ಚಿತ್ರಗಳನ್ನು ಮುಖಪುಟದಲ್ಲಿ ಅಚ್ಚಿಸಿ, ಅವರು ಜನತೆಯ ಶತ್ರುಗಳೆಂದು ತಲೆಬರಹ ಕೊಟ್ಟಿತು. ಪತ್ರಿಕಾ ವೃತ್ತಿಯಲ್ಲಿರುವ ನಮಗೆ ಆ ಪುಟವನ್ನು ಕಂಡು ನಾಚಿಕೆಯಾಯಿತು. ಬ್ರಿಟನ್ 2020ರ ಜನವರಿ 31ರಂದು ಒಕ್ಕೂಟವನ್ನು ಬಿಟ್ಟಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಅವರದು. ಶೇಕಡಾ 48 ಮಂದಿಯನ್ನು ದೇಶದ ಹೊರಗಿನವರೆಂಬಂತೆ ಕಂಡರೆ ಆ ದೇಶದಲ್ಲಿ ಉಳಿಯುವುದು ಅರ್ಧ ದೇಶ ಮಾತ್ರ ಎಂಬುದಷ್ಟೇ ನಮ್ಮ ಮಾತು.

ಹಾಗಾದರೆ ಕರ್ನಾಟಕ ಹೇಗೆ ಉಳಿಯಿತು? ಗೆದ್ದವರು ಸೋತವರಿಗೆ ಸ್ವಲ್ಪ ಜಾಗ ಬಿಟ್ಟುಕೊಟ್ಟರು ಎಂಬುದೇ ನಮಗೆ ತೋರುವ ಉತ್ತರ. ಹೊಸ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಲು ಆಯೋಗವೇ ಸೂಚಿಸಿತ್ತು. ಆದರೆ 1956ರ ನವೆಂಬರ್ 1ರಂದು ಹುಟ್ಟಿದ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿಯಿತು. ರಾಜಧಾನಿ ಬೆಂಗಳೂರಿನಲ್ಲೇ ನಿಂತಿತು, ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರೇ ರಾಜ್ಯಪಾಲರಾದರು. ಹುಬ್ಬಳ್ಳಿಯ, ಬೀದರಿನ ಜನ ಹದಿನೇಳು ವರ್ಷಗಳ ಕಾಲ ತಮ್ಮದಲ್ಲದ ಹೆಸರನ್ನು ಸಹಿಸಿಕೊಂಡರು. ಇದನ್ನು ನಾವು ಸಣ್ಣ ತ್ಯಾಗವೆಂದು ಎಣಿಸುವುದಿಲ್ಲ. 1973ರಲ್ಲಿ ಹೆಸರು ಬದಲಾದಾಗ ಮುಖ್ಯಮಂತ್ರಿಯಾಗಿದ್ದವರು ದೇವರಾಜ ಅರಸರು, ಹುಣಸೂರಿನವರು, ಹಳೆಯ ಮೈಸೂರಿನವರೇ.

ಇತ್ತ ಕೆಂಗಲ್ ಹನುಮಂತಯ್ಯನವರದು ಬೇರೆಯದೇ ಮಾದರಿ. ಮೈಸೂರಿನ ಮುಖ್ಯಮಂತ್ರಿ, ಜಾತಿಯಿಂದ ಒಕ್ಕಲಿಗರು. ಏಕೀಕರಣದಿಂದ ತಮ್ಮ ಪ್ರದೇಶಕ್ಕೂ ಸಮುದಾಯಕ್ಕೂ ಹಿನ್ನಡೆಯೆಂದು ತಮ್ಮದೇ ಪಕ್ಷದವರು ಎಚ್ಚರಿಸುತ್ತಿದ್ದರೂ ಅವರು ಏಕೀಕರಣದ ಪರ ನಿಂತರು. ಹೊಸ ರಾಜ್ಯ ಉದಯಿಸುವ ಕೆಲವೇ ತಿಂಗಳ ಮೊದಲು, 1956ರ ಆಗಸ್ಟಿನಲ್ಲಿ, ಅಧಿಕಾರ ಕಳೆದುಕೊಂಡರು. ಅದಕ್ಕೆ ಬೇರೆ ಕಾರಣಗಳೂ ಇದ್ದವೆನ್ನಿ. ಕೊಡಗಿನಲ್ಲಿಯೂ ಇದೇ ಪ್ರಶ್ನೆ 1952ರ ಚುನಾವಣೆಯಲ್ಲಿ ಎದ್ದಿತು. ಮೈಸೂರಿನೊಂದಿಗೆ ವಿಲೀನವಾಗಬೇಕೆಂಬ ಸಿ.ಎಂ. ಪೂಣಚ್ಚನವರ ಕಾಂಗ್ರೆಸ್ಸಿಗೆ 24ರಲ್ಲಿ 15 ಸ್ಥಾನ, ಬೇಡವೆಂಬ ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷಕ್ಕೆ 9. ಬೆಳ್ಯಪ್ಪನವರನ್ನು ಇಂದಿಗೂ ಕೊಡಗಿನಲ್ಲಿ ಗೌರವದಿಂದ ನೆನೆಯುತ್ತಾರೆ.

ಸೋತವರ ಆತಂಕ ಸುಳ್ಳಾಗಿತ್ತೇ ಎಂದರೆ ಪೂರ್ತಿ ಸುಳ್ಳಲ್ಲ. ಆದರೆ ಅದು ತಿರುವುಮುರುವಾಗಿ ನಿಜವಾಯಿತು. ಹಿಂದುಳಿದ ಜಿಲ್ಲೆಗಳ ಭಾರಕ್ಕೆ ಮೈಸೂರು ಕುಸಿಯಲಿಲ್ಲ, ಆ ಜಿಲ್ಲೆಗಳೇ ಹಿಂದೆ ಉಳಿದವು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪೈಕಿ 26 ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳಲ್ಲಿದ್ದವು. ಪ್ರತ್ಯೇಕ ಉತ್ತರ ಕರ್ನಾಟಕದ ಕೂಗು ಏಳುವುದು ಇದರಿಂದ. ಆ ಕೂಗು ಎದ್ದಾಗಲೆಲ್ಲ ಬೆಂಗಳೂರಿನಲ್ಲಿ ಕುಳಿತವರು ನಾಡದ್ರೋಹವೆಂದು ಗುಡುಗುತ್ತಾರೆ. ಒಮ್ಮೆ ಬೇಡವೆಂದು ಹೇಳಿದವರ ಮೊಮ್ಮಕ್ಕಳು, ಅಂದು ಬೇಕೆಂದು ಹೋರಾಡಿದವರ ಮೊಮ್ಮಕ್ಕಳನ್ನು ದ್ರೋಹಿಗಳೆಂದು ಕರೆಯುವ ವಿಚಿತ್ರವಿದು! ನಾವು ರಾಜ್ಯ ಒಡೆಯುವ ಪಕ್ಷದವರಲ್ಲ. ಆದರೆ ಬಯ್ಗುಳದಿಂದ ಒಂದು ಶಾಲೆಯೂ ಕಟ್ಟಲ್ಪಡುವುದಿಲ್ಲ. 371ಜೆ ವಿಧಿಯ ವಿಶೇಷ ಸ್ಥಾನಮಾನ ಆ ಭಾಗಕ್ಕೆ ದೊರೆತದ್ದು ಅಲ್ಲಿನವರು ದಶಕಗಳ ಕಾಲ ಅಸಮಾಧಾನವನ್ನು ಬಾಯಿಬಿಟ್ಟು ಹೇಳಿದ್ದರಿಂದ.

ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ನೆರೆಯ ತೆಲಂಗಾಣ ಸಾಕ್ಷಿ. ಅದನ್ನು ತಕ್ಷಣ ಆಂಧ್ರದೊಂದಿಗೆ ಬೆಸೆಯಬೇಡಿ, 1961ರ ಸುಮಾರಿನ ಚುನಾವಣೆಯ ಬಳಿಕ ಅಲ್ಲಿನ ಶಾಸನಸಭೆಯ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಸೇರಿಸಿ ಎಂದು ಫಝಲ್ ಅಲಿ ಆಯೋಗ ಹೇಳಿತ್ತು. 1956ರಲ್ಲಿ ಆತುರದಿಂದ ಬೆಸೆದರು. ಕೊಟ್ಟ ಭರವಸೆಗಳು ನಡೆಯಲಿಲ್ಲವೆಂದು 1969ರಲ್ಲಿ ಬೀದಿಗಳು ಹೊತ್ತಿಕೊಂಡವು. 2014ರ ಜೂನ್ 2ರಂದು ಆ ಬೆಸುಗೆ ಬಿಟ್ಟಿತು.

ಇನ್ನು ನಮ್ಮ ಮನೆಯೊಳಗಿನ ಮಾತು. 1947ಕ್ಕೆ ಮೊದಲು ದೇಶ ಒಡೆಯಬೇಕೇ ಎಂಬ ಪ್ರಶ್ನೆ ನಮ್ಮ ವಿದ್ವಾಂಸರನ್ನೇ ಇಬ್ಭಾಗ ಮಾಡಿತ್ತು. ದೇವಬಂದ್‌ನ ಒಬ್ಬರೇ ಗುರು ಮೌಲಾನಾ ಮಹಮೂದುಲ್ ಹಸನ್ ಅವರ ಇಬ್ಬರು ಶಿಷ್ಯರು. ಮೌಲಾನಾ ಹುಸೈನ್ ಅಹ್ಮದ್ ಮದನಿ ವಿಭಜನೆಯನ್ನು ಕಡೆಯವರೆಗೂ ವಿರೋಧಿಸಿದರು, ಮೌಲಾನಾ ಶಬ್ಬೀರ್ ಅಹ್ಮದ್ ಉಸ್ಮಾನಿ ಪಾಕಿಸ್ತಾನದ ಪರ ನಿಂತು ಅಲ್ಲಿಗೇ ಹೋದರು. ಮದನಿಯವರ ದಾರಿ ಸರಿಯೆಂದು ನಂಬಿ ಈ ನೆಲದಲ್ಲೇ ಉಳಿದವರ ಸಂತತಿ ನಾವು. ಆದರೂ ಉಸ್ಮಾನಿಯವರು ಬರೆದ ಕುರ್‌ಆನ್ ವ್ಯಾಖ್ಯಾನ ಇಂದಿಗೂ ಈ ದೇಶದ ಮದ್ರಸಗಳಲ್ಲಿ, ಮನೆಗಳಲ್ಲಿ ಓದಲ್ಪಡುತ್ತದೆ. ಅವರ ರಾಜಕೀಯವನ್ನು ತಿರಸ್ಕರಿಸಿದವರು ಅವರ ವಿದ್ವತ್ತನ್ನು ಕಪಾಟಿನಿಂದ ಕೆಳಗಿಳಿಸಲಿಲ್ಲ. ಅಂಥ ಹಿರಿಯರ ವಾರಸುದಾರರು ಇಂದು ಮಸೀದಿಯ ಆಡಳಿತ ಸಮಿತಿಯ ಚುನಾವಣೆಯಲ್ಲಿ ಎದುರು ನಿಂತವನಿಗೆ ಸಲಾಮ್ ಹೇಳುವುದನ್ನು ನಿಲ್ಲಿಸುತ್ತಾರೆ. ಬೇರೆ ಪಕ್ಷಕ್ಕೆ ಮತ ಹಾಕಿದವನನ್ನು ಕಪಟ ವಿಶ್ವಾಸಿ ಎನ್ನುತ್ತಾರೆ. ಮದುವೆಗೆ ಕರೆಯಬಾರದೆಂದು ಜಮಾಅತಿನಲ್ಲಿ ತೀರ್ಮಾನ ಮಾಡುತ್ತಾರೆ. ದ್ರೋಹಿ ಎಂಬ ಶಬ್ದದ ಉರಿ ಎಂಥದೆಂದು ಈ ದೇಶದಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಅದೇ ಕೆಂಡವನ್ನು ನಮ್ಮ ನೆರೆಯ ಸಾಬಿಯ ಮಡಿಲಿಗೆ ನಾವೇ ಸುರಿಯುವುದಾದರೆ ಬೇರೆಯವರ ಬಳಿ ಯಾವ ಮುಖ ಹೊತ್ತು ದೂರು ಹೇಳೋಣ?

ಕೊನೆಯದಾಗಿ ಕಾಸರಗೋಡು ಮತ್ತು ಬೆಳಗಾವಿ. ಕಾಸರಗೋಡನ್ನು 1956ರಲ್ಲಿ ಕೇರಳಕ್ಕೆ ಸೇರಿಸಲಾಯಿತು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದ ಜನ ಕರ್ನಾಟಕದ ಪರವಾಗಿದ್ದ ಎಂ. ಉಮೇಶರಾಯರನ್ನು ಅವಿರೋಧವಾಗಿ ಆರಿಸಿ ಕಳುಹಿಸಿದರು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ, ನೂರರ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೂ ಆ ಆಸೆಯನ್ನು ಬಿಡಲಿಲ್ಲ. ಅವರನ್ನು ಕೇರಳದ್ರೋಹಿಯೆಂದು ಯಾರಾದರೂ ಕರೆದರೆ ನಮಗೆ ಸಿಟ್ಟು ಬರುವುದಿಲ್ಲವೇ? 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ನೆಲ ನಮಗೆ ಸೇರಬೇಕೆಂದಿತು, ಬೆಳಗಾವಿ ನಮ್ಮಲ್ಲೇ ಉಳಿಯಬೇಕೆಂದಿತು. ಜೊತೆಗೆ ನಿಪ್ಪಾಣಿ, ಖಾನಾಪುರಗಳ ಕಡೆಯ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ ಹೇಳಿತು. ನಮ್ಮ ಸಭೆಗಳಲ್ಲಿ ಚಂದ್ರಗಿರಿಯ ಹೆಸರು ಬಂದಷ್ಟು ಸಲ ಆ 264 ಹಳ್ಳಿಗಳ ಹೆಸರು ಬರುವುದಿಲ್ಲ. ಆ ವರದಿ ಬರೆದ ಮೆಹರ್ ಚಂದ್ ಮಹಾಜನ್ ಕೂಡ 1950ರ ಗೋಪಾಲನ್ ಪೀಠದಲ್ಲಿದ್ದು, ಫಝಲ್ ಅಲಿಯವರ ಜೊತೆ ಆ ಕಾನೂನಿನ ಒಂದು ಕಲಮಿನ ಬಗ್ಗೆ ಬಹುಮತಕ್ಕೆ ವಿರುದ್ಧವಾಗಿ ನಿಂತವರು. ಮೊಕದ್ದಮೆ ಹೂಡಿದ್ದ ಗೋಪಾಲನ್ ಮುಂದೆ ಕಾಸರಗೋಡಿನ ಲೋಕಸಭಾ ಸದಸ್ಯರೇ ಆದರು.

ಗಡಿಯ ಮೊಕದ್ದಮೆಯನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿದೆ. ಅದು ನ್ಯಾಯಾಲಯದ ಕೆಲಸ. ನಮ್ಮ ಕೈಯಲ್ಲಿರುವುದು ಬೇರೆಯದು. ಗಡಿ ಎಲ್ಲಿ ಎಳೆದರೂ ಆಚೆಗೆ ಕೆಲವರು ಉಳಿದೇ ಉಳಿಯುತ್ತಾರೆಂದು ಬಲ್ಲ ಫಝಲ್ ಅಲಿ ಆಯೋಗ ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕೆಂದು ಸೂಚಿಸಿತ್ತು. 1956ರ ಏಳನೆಯ ತಿದ್ದುಪಡಿಯಲ್ಲಿ ಅದು ಸಂವಿಧಾನದ 350ಎ ವಿಧಿಯಾಗಿ ಬಂತು: ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ. ಕಾಸರಗೋಡಿನ ಕನ್ನಡ ಮಗುವೂ ಖಾನಾಪುರದ ಮರಾಠಿ ಮಗುವೂ ಇದೇ ತಾಲೂಕಿನಲ್ಲಿ ಉರ್ದು ಓದುವ ನಮ್ಮ ಮಗುವೂ ಹಕ್ಕು ಕೇಳುವುದು ಆ ಒಂದೇ ವಿಧಿಯ ಬಲದಿಂದ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಶಿಕ್ಷಕರನ್ನು ನೀಡಬೇಕೆಂದು ಈ ಸಭೆ ಠರಾವು ಮಾಡಲಿದೆಯೆಂದು ಅಧ್ಯಕ್ಷರು ಆಗಲೇ ತಿಳಿಸಿದರು. ಆ ಠರಾವಿನಲ್ಲಿ ಖಾನಾಪುರದ ಮರಾಠಿ ಶಾಲೆಗಳಿಗಾಗಿ ಒಂದು ಸಾಲನ್ನೂ ಸೇರಿಸಬೇಕೆಂದು ಅವರಲ್ಲಿ ವಿನಂತಿಸಿ ನಮ್ಮ ಮಾತಿಗೆ ವಿರಾಮ ಹೇಳುತ್ತೇವೆ.